ಮೇಲುತೊಲೆ ಇಲ್ಲದ ಬಾಗಿಲು

ಕೇಳ್ರಪ್ಪಾ ಕೇಳ್ರಿ, ಹೂಂ ಅನ್ನೋರು ಹೂಂ ಅನ್ರಿ. ದೊರೆ ಆಡಿದ ಮಾತು ಕಲ್ಲಿನ ಮೇಲೆ ಕೂತು, ಕಲ್ಲು ಜನರ ಎದೆ ಮೇಲೆ ಕೂರುತ್ತಿದ್ದ ಕಾಲ. ಆ ಕಾಲದಲ್ಲಿ ಏಳುಬಾವಿ ಅಂತ ಒಂದು ಪಟ್ಟಣ ಇತ್ತಂತೆ. ಅದಕ್ಕೆ ಉಗ್ಗರಸ ಅಂತ ಒಬ್ಬ ದೊರೆ.

ಒಂದು ದಿನ ಉಗ್ಗರಸ ಆನೆ ಹತ್ತಿ ಪೇಟೆಯೊಳಗೆ ಹೊರಟ. ಕುಂಬಾರ ತಿಗರಿ ತಿರುಗಿಸ್ತಿದ್ದ, ತಲೆ ಎತ್ತಲಿಲ್ಲ. ನೇಕಾರ ಲಾಳಿ ಎಸೀತಿದ್ದ, ಕೈ ಬಿಡಲಿಲ್ಲ. ಮನೆ ಕಟ್ಟುವ ಭರಮಪ್ಪ ಅರ್ಧ ಎದ್ದ ಗೋಡೆ ಮೇಲೆ ನಿಂತು ಮಣ್ಣು ಮೆತ್ತುತ್ತಿದ್ದ. ಗೋಡೆ ಮೇಲೆ ನಿಂತವನು ಆನೆ ಮೇಲೆ ಕೂತವನಿಗಿಂತ ಒಂದು ಗೇಣು ಎತ್ತರ ಕಂಡನಂತೆ. ದೊರೆಗೆ ಅಂದು ಊಟ ಸೇರಲಿಲ್ಲ.

"ಇವರ ಬೆನ್ನು ಬಗ್ಗಿಸೋದು ಹೆಂಗೆ?" ಅಂತ ಆಸ್ಥಾನದ ಶಾಸ್ತ್ರಿಯನ್ನು ಕೇಳಿದ.

ಶಾಸ್ತ್ರಿ ವಾಸ್ತು ಓದಿದವನು. ಯಾವ ಕಂಬ ಎಷ್ಟು ದಪ್ಪ, ಯಾವ ಮನೆ ಯಾವ ದಿಕ್ಕಿಗೆ, ಎಲ್ಲ ನಾಲಿಗೆ ತುದಿಯಲ್ಲಿ. "ಮಹಾಸ್ವಾಮಿ, ಬೆನ್ನಿಗೆ ಬುದ್ಧಿ ಹೇಳಿದರೆ ಬೆನ್ನು ಕೇಳೋದಿಲ್ಲ. ಬಾಗಿಲಿಗೆ ಹೇಳಬೇಕು. ಮನುಷ್ಯ ದಿನಕ್ಕೆ ಹತ್ತು ಸಲ ಹೊಸ್ತಿಲು ದಾಟ್ತಾನೆ. ಬಾಗಿಲು ಗಿಡ್ಡ ಮಾಡಿಸಿ, ಕೋಟೆ ಕಡೆಗೆ ಮುಖ ಮಾಡಿಸಿ. ಹತ್ತು ಸಲ ನಿಮಗೆ ಬಗ್ಗುತ್ತಾನೆ. ಹತ್ತು ವರ್ಷ ಬಗ್ಗಿದ ಬೆನ್ನು ಆಮೇಲೆ ತಾನಾಗಿ ಏಳೋದಿಲ್ಲ" ಅಂದ.

ದೊರೆಗೆ ಮಾತು ಹಿಡಿಸಿತು. ಕೋಟೆ ಮುಂದೆ ಆಳೆತ್ತರದ ಕಲ್ಲು ನಿಲ್ಲಿಸಿ ಶಾಸನ ಕೆತ್ತಿಸಿದ: "ಏಳುಬಾವಿಯ ಪ್ರಜೆಗಳ ಮನೆಬಾಗಿಲು ಹೊಸ್ತಿಲಿಂದ ಮೇಲುತೊಲೆಗೆ ಮೂರು ಮೊಳ. ಮೂರು ಮೊಳ ಮೀರಿದರೆ ಶಿಕ್ಷೆ. ಸೂರ್ಯ ಚಂದ್ರ ಇರುವ ತನಕ ಈ ಮಾತಿಗೆ ಒಂದಕ್ಷರ ಕೂಡಿಸುವಂತಿಲ್ಲ, ಒಂದಕ್ಷರ ಕಳೆಯುವಂತಿಲ್ಲ."

ಗಿರಿಮಲ್ಲ ಅನ್ನುವ ಅಧಿಕಾರಿ ಅಳತೆಕೋಲು ಹಿಡಿದು ಬೀದಿ ಬೀದಿ ತಿರುಗಿದ. ಬಾಗಿಲ ನೆತ್ತಿಗೆ ಅಡ್ಡ ಇಟ್ಟ ಮೇಲುತೊಲೆ ಕೆಳಗೆ ಇಳಿದು ಊರಿನ ಬಾಗಿಲೆಲ್ಲ ಗಿಡ್ಡ ಆದವು. ತಲೆ ಮೇಲೆ ಕೊಡ ಹೊತ್ತ ಹೆಂಗಸರು ಕೊಡ ಇಳಿಸಿ ಬಗ್ಗಿದರು. ಬಸುರಿಯರು ಹೊಟ್ಟೆ ಹಿಡಕೊಂಡು ಬಗ್ಗಿದರು. ಮದುಮಗ ಬಾಸಿಂಗ ಬಿಚ್ಚಿ ಕೈಯಲ್ಲಿ ಹಿಡಿದು ಬಗ್ಗಿದ. ಊರಿಗೆ ಊರೇ ಬಗ್ಗಿತು.

ಬಗ್ಗದೇ ಇದ್ದವನು ಭರಮಪ್ಪ ಒಬ್ಬನೇ.

"ಬಗ್ಗಿ ಹೊರಗ ಬರೂದಕಿಂತ ನಾ ಒಳಗ ಇರತೀನಿ" ಅಂತ ಮನೆಯೊಳಗೆ ಕೂತ. ಒಂದು ವರ್ಷ ಕೂತ, ಎರಡು ವರ್ಷ ಕೂತ, ಮೂರು ವರ್ಷ ಕೂತ. ಊರಿನ ಅರ್ಧ ಗೋಡೆ ಕಟ್ಟಿದ ಮನುಷ್ಯ ನಾಲ್ಕು ಗೋಡೆ ಬಿಟ್ಟು ಬೇರೆ ಏನೂ ನೋಡಲಿಲ್ಲ.

ಅವನಿಗೆ ಹುಲಿಗೆವ್ವ ಅಂತ ಒಬ್ಬಳೇ ಮಗಳು. ಗಂಡ ತೀರಿಹೋದ ಮೇಲೆ ತವರಿಗೆ ಬಂದು ಅಪ್ಪನ ಕಸುಬನ್ನೇ ಹಿಡಿದಿದ್ದಳು. ಗೋಡೆ ಕಟ್ಟುವಳು, ಬಾವಿ ಕಟ್ಟುವಳು. ದುಡಿಯದಿದ್ದರೆ ಒಲೆ ಉರಿಯೋದಿಲ್ಲವಲ್ಲ, ಅದಕ್ಕೆ ಅವಳು ದಿನಾ ಬಗ್ಗಿ ಹೋಗುವಳು, ಬಗ್ಗಿ ಬರುವಳು. ಅಪ್ಪ ಒಂದು ದಿನವೂ ಅವಳನ್ನು ಬೈಯಲಿಲ್ಲ. ಅವಳು ಹೊಸ್ತಿಲು ದಾಟುವಾಗ ಮಾತ್ರ ಮುಖ ಆ ಕಡೆ ತಿರುಗಿಸುತ್ತಿದ್ದನಂತೆ. ಬೈದಿದ್ದರೆ ಅವಳಿಗೆ ಅಷ್ಟು ಉರೀತಿರಲಿಲ್ಲ.

ಮೂರು ವರ್ಷ ತುಂಬಿದ ಮೇಲೆ ಭರಮಪ್ಪ ತೀರಿಕೊಂಡ. ಅವರ ಕುಲದಲ್ಲಿ ಸತ್ತವರನ್ನು ಕೂಡಿಸಿ, ಮುಂಡಾಸು ಸುತ್ತಿ, ಹೂವು ಹಾಕಿ, ಕೂತ ಹಾಗೇ ಹೊತ್ತು ಒಯ್ಯುವುದು ರೂಢಿ. ನಾಲ್ಕು ಜನ ಹೆಗಲು ಕೊಟ್ಟರು. ಬಾಗಿಲ ತನಕ ಬಂದರು. ಹೆಣ ಬಾಗಿಲಲ್ಲಿ ಹಿಡಿಯಲಿಲ್ಲ.

ಹೊರಗೆ ಗಿರಿಮಲ್ಲ ಕೋಲು ಊರಿ ನಿಂತಿದ್ದ. "ಬಗ್ಗಿಸಿ ತರ್ರಿ. ಬಗ್ಗಲಿಲ್ಲಂದ್ರ ಸೊಂಟ ಮುರೀರಿ. ಸತ್ತವಗ ನೋವು ಏನೈತಿ?" ಅಂದ.

ಹುಲಿಗೆವ್ವ ಅಪ್ಪನ ಮುಖ ನೋಡಿದಳು. ಹೆಗಲು ಕೊಟ್ಟವರ ಮುಖ ನೋಡಿದಳು. ಅವರು ನೆಲ ನೋಡುತ್ತಿದ್ದರು. ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡಳು. ಒಂದು ಏಟು, ಎರಡು ಏಟು, ಮೂರನೇ ಏಟಿಗೆ ಮೇಲುತೊಲೆ ಧಡ್ ಅಂತ ಕೆಳಗೆ ಬಿತ್ತು. ಅದರ ಮೇಲಿನ ಗೋಡೆಯೂ ಬಿತ್ತು. ಧೂಳು ಇಳಿದ ಮೇಲೆ ಭರಮಪ್ಪ ಮುಂಡಾಸು ಸುತ್ತಿಕೊಂಡು, ನೆಟ್ಟಗೆ ಕೂತು, ಮೂರು ವರ್ಷದ ಮೇಲೆ ಬೀದಿಗೆ ಬಂದನಂತೆ.

ಗಿರಿಮಲ್ಲ ಹೆಣದ ಮುಂದೆ ಏನೂ ಮಾಡಲಿಲ್ಲ. ಮಣ್ಣು ಮುಗಿಸಿ ಬಂದ ಮೇಲೆ ಹೇಳಿದ: "ಒಂಬತ್ತು ದಿನ ಕೊಡತೀನಿ. ಒಂಬತ್ತನೇ ದಿನ ಬಾಗಿಲು ಶಾಸನದಂಗ ನಿಂತಿರಬೇಕು. ಇಲ್ಲಂದ್ರ ಆ ಹಾರೆ ಹಿಡದ ಎರಡೂ ಕೈ ಇರೂದಿಲ್ಲ."

"ಆಗ್ಲಿ, ಶಾಸನದಂಗನ ಕಟ್ಟತೀನಿ. ಒಂದಕ್ಷರ ಮೀರೂದಿಲ್ಲ. ಆದ್ರ ಬಗ್ಗೂದಿಲ್ಲ" ಅಂದಳು ಹುಲಿಗೆವ್ವ.

ಅಂದದ್ದೇನೋ ಅಂದಳು, ದಾರಿ ಗೊತ್ತಿರಲಿಲ್ಲ. ಮೊದಲ ದಿನ ಯೋಚಿಸಿದಳು, ಹೊಳೆಯಲಿಲ್ಲ. ಎರಡನೇ ದಿನ ಯೋಚಿಸಿದಳು, ಹೊಳೆಯಲಿಲ್ಲ. ಮೂರನೇ ದಿನ ಪೇಟೆಬಾವಿಯ ಹೂಳು ತೆಗೆಯುವ ಕೆಲಸ ಬಂತು. ಹಗ್ಗ ಹಿಡಿದು ಕೆಳಗೆ ಇಳಿದಳು. ದಣಿದು ಬಾವಿಯ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಸುತ್ತ ಹತ್ತಾಳು ಆಳದ ಮಣ್ಣು ಒಳಗೆ ನುಗ್ಗಲು ಒತ್ತುತ್ತಿದೆ. ಆದರೂ ಕಲ್ಲು ಒಂದೂ ಕಳಚಿಲ್ಲ. ತೊಲೆ ಇಲ್ಲ, ಕಂಬ ಇಲ್ಲ. ಯಾಕೆ? ದುಂಡಗೆ ಕಟ್ಟಿದ್ದಕ್ಕೆ ಒಂದು ಕಲ್ಲು ಇನ್ನೊಂದಕ್ಕೆ ಭುಜ ಕೊಟ್ಟಿದೆ. ಒತ್ತಿದಷ್ಟೂ ಬಿಗಿ.

"ಎಲಾ! ಮಲಗಿದ ಈ ಕಲ್ಲಿನ ಬಳೀನ ಅರ್ಧ ಮುರದು ಎಬ್ಬಿಸಿ ನಿಲ್ಲಿಸಿದ್ರ?" ಅಂತ ಅವಳು ಅಂದದ್ದು ಬಾವಿಯೊಳಗೆ ಮೂರು ಸಲ ಮಾರ್ದನಿಸಿತಂತೆ.

ಮನೆಗೆ ಓಡಿದಳು. ಬಾಗಿಲಿದ್ದ ಜಾಗದಲ್ಲಿ ಐದು ಮೊಳ ಎತ್ತರ ಮಣ್ಣಿನ ಗುಡ್ಡೆ ಹಾಕಿ ತಲೆ ದುಂಡಗೆ ಮಾಡಿದಳು. ಕೆಳಗೆ ಕಿರಿದು ಮೇಲೆ ಅಗಲ ಬರುವ ಹಾಗೆ ಕಲ್ಲು ಕಡಿದು, ಎರಡೂ ಕಡೆಯಿಂದ ಗುಡ್ಡೆ ಮೇಲೆ ಜೋಡಿಸುತ್ತಾ ಬಂದು, ನಡುನೆತ್ತಿಯಲ್ಲಿ ಕೊನೆಯ ಕಲ್ಲು ಬಡಿದು ಕೂಡಿಸಿದಳು. ಆರನೇ ದಿನ ಗುಡ್ಡೆಯ ಮಣ್ಣು ಕೆದರಿ ತೆಗೆದಳು. ಕಲ್ಲು ನಿಂತವು. ಹತ್ತು ಎಣಿಸುವಷ್ಟು ಹೊತ್ತು ನಿಂತು, ಬುಡ ಎರಡೂ ಕಡೆ ಜಾರಿ, ಎಲ್ಲ ಕುಸಿದು ಬಿತ್ತು.

ಪಕ್ಕದ ಮನೆಯ ತಿಪ್ಪವ್ವ ಎದೆ ಬಡಕೊಂಡಳು. "ಬ್ಯಾಡ ನನ್ನವ್ವಾ, ಮೂರು ಮೊಳಕ್ಕ ತೊಲಿ ಇಟ್ಟು ಕೈ ಉಳಿಸಿಕೋ. ನಾವೆಲ್ಲಾ ಬಗ್ಗಾಕತ್ತಿಲ್ಲೇನು?"

ಹುಲಿಗೆವ್ವನ ಕಣ್ಣಲ್ಲಿ ನೀರು ಬಂತು. ಬಿದ್ದ ಕಲ್ಲನ್ನು ಒಂದೊಂದಾಗಿ ಎತ್ತಿ, ಬುಡ ಎಲ್ಲಿ ಜಾರಿತು ಅಂತ ನೋಡಿದಳು. ಆಮೇಲೆ ಅಂದಳು: "ಬಾವಿಗೆ ಸುತ್ತ ಭೂಮಿ ಐತಿ ಯಕ್ಕಾ, ಆನಿಕೊಳ್ಳಾಕ. ಇದಕ ಮಗ್ಗಲಿಗೆ ತೆಳ್ಳನ ಗೋಡಿ ಬಿಟ್ರ ಯಾರೂ ಇಲ್ಲ. ಅದಕ್ಕ ಬಿತ್ತು."

ತಿಪ್ಪವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹಂಗಾರ ನಡಿ, ಮಗ್ಗಲಾ ಕಟ್ಟೋಣು" ಅಂದಳು. ಅವಳ ಹಿಂದೆ ಕುಂಬಾರ ಬಂದ, ನೇಕಾರ ಬಂದ, ಅಂದು ಹೆಗಲು ಕೊಟ್ಟು ನೆಲ ನೋಡಿದ್ದ ನಾಲ್ವರೂ ಬಂದರು. ಎರಡೂ ಮಗ್ಗಲಿಗೆ ಎರಡೆರಡು ಮೊಳ ದಪ್ಪದ ಗೋಡೆ ಎದ್ದಿತು. ಮತ್ತೆ ಗುಡ್ಡೆ, ಮತ್ತೆ ಕಲ್ಲು. ಎಂಟನೇ ದಿನ ಮಣ್ಣು ತೆಗೆದರು. ಈ ಸಲ ಬೀಳಲಿಲ್ಲ.

ಒಂಬತ್ತನೇ ದಿನ ಗಿರಿಮಲ್ಲ ಬಂದ. ಕೋಲು ಎತ್ತಿದ. ಹೊಸ್ತಿಲು ಸಿಕ್ಕಿತು, ಮೇಲುತೊಲೆ ಸಿಗಲಿಲ್ಲ. ಈ ಕಡೆಯಿಂದ ನೋಡಿದ, ಆ ಕಡೆಯಿಂದ ನೋಡಿದ. "ತೊಲಿ ಎಲ್ಲೈತಿ?"

"ಇಲ್ಲ."

"ಇಲ್ಲಂದ್ರ ಎಲ್ಲಿಗೆ ಅಳೀಲಿ?"

"ಅದು ನಿಮ್ಮ ಕೆಲಸ, ನನ್ನದಲ್ಲ."

ಗಿರಿಮಲ್ಲ ಕೋಟೆಗೆ ಓಡಿದ. ದೊರೆ ಆನೆ ಹತ್ತಿ ಬಂದ, ಶಾಸ್ತ್ರಿ ಓಲೆಗರಿ ಕಟ್ಟು ಹಿಡಿದು ಬಂದ. ಶಾಸ್ತ್ರಿ ಗರಿ ತಿರುವಿದ, ತಿರುವಿದ, ಬೆರಳು ನೊಂದಿತು. "ಮಹಾಸ್ವಾಮಿ, ತೊಲೆ ಇಲ್ಲದ ಬಾಗಿಲು ನನ್ನ ಶಾಸ್ತ್ರದಲ್ಲಿಲ್ಲ. ಶಾಸನದಲ್ಲಿ ತೊಲೆಯ ಮಾತಷ್ಟೇ ಇದೆ. ಒಂದಕ್ಷರ ಕೂಡಿಸುವಂತಿಲ್ಲ ಅಂತಲೂ ಇದೆ."

ದೊರೆಗೆ ಸಿಟ್ಟು ನೆತ್ತಿಗೇರಿತು. "ಶಾಸ್ತ್ರದಲ್ಲಿಲ್ಲದ್ದನ್ನ ಕಟ್ಟೋಕೆ ನೀ ಯಾರೇ?"

ಹುಲಿಗೆವ್ವ ತನ್ನ ಬಾಗಿಲಲ್ಲಿ ನೆಟ್ಟಗೆ ನಿಂತು ಹೇಳಿದಳಂತೆ: "ದೊರೀ, ಮೊದಲ ಮನಿ ಕಟ್ಟಿದಾಗ ಯಾವ ಶಾಸ್ತ್ರ ಇತ್ತರಿ? ನಮ್ಮ ಹಿರೇರು ಗವಿಯೊಳಗ ಇದ್ದರು. ಮಳಿ ಸಿಡಿಲು ಬಿಟ್ಟು ಅವರಿಗೆ ಬ್ಯಾರೆ ದೊರಿ ಇದ್ದಿಲ್ಲ. ಗವಿ ಸಾಲಲಿಲ್ಲ, ಟೊಂಗಿ ಕಡದು ಗುಡಿಸಲಾ ಹಾಕಿದ್ರು. ಗುಡಿಸಲಾ ಸುಟ್ಟಿತು, ಮಣ್ಣು ತುಳದು ಗೋಡಿ ಎಬ್ಬಿಸಿದ್ರು. ಮಣ್ಣು ಕರಗಿತು, ಕಲ್ಲು ಹೊತ್ತು ತಂದ್ರು. ಕಟ್ಟಿದವರು ಕಟ್ಟಿದ ಮ್ಯಾಲೆ ಬರದವರು ಬರಕೊಂಡ್ರು. ಶಾಸ್ತ್ರ ನಮ್ಮ ಹಿಂದ ಬಂದೈತಿ, ಇನ್ನ ಮುಂದೂ ನಮ್ಮ ಹಿಂದನ ಬರತೈತಿ."

"ಇದು ಗಾಳಿಗೆ ಬೀಳೋ ಆಟಿಕೆ. ಇದರ ಮೇಲೆ ಕಲ್ಲು ಹೇರಿಸ್ತೀನಿ. ಅಡಿಯಲ್ಲಿ ನಿಲ್ಲೋ ಧೈರ್ಯ ಇದೆಯಾ?" ಅಂದ ದೊರೆ.

"ಹೇರ್ರಿ. ನಿಲ್ಲತೀನಿ."

ಒಂದು ಬಂಡಿ ಕಲ್ಲು ಹೇರಿದರು, ನಿಂತಿತು. ಎರಡು ಬಂಡಿ ಹೇರಿದರು, ನಿಂತಿತು. ಹುಲಿಗೆವ್ವನ ಕಾಲು ಕದಲಲಿಲ್ಲ. ಐದು ಬಂಡಿ ಹೇರಿದರು. ಕಲ್ಲಿನ ನಡುವೆ ಒಂದು ಕೂದಲೆಳೆ ಹೋಗುವಷ್ಟು ಸಂದಿಯೂ ಉಳಿಯಲಿಲ್ಲ.

"ಐದು ಬಂಡಿ ಯಾವ ಬಾಗಿಲು ಬೇಕಾದರೂ ಹೊರತೈತಿ ಬಿಡ್ರಿ" ಅಂದ ಗಿರಿಮಲ್ಲ.

"ಹಂಗಾರ ನಿಮ್ಮ ಬಾಗಿಲಿಗೆ ಹೇರ್ರಿ" ಅಂದಳು ತಿಪ್ಪವ್ವ.

ದೊರೆಗೂ ಕುತೂಹಲ. ಗಿರಿಮಲ್ಲನ ಹೊಸ ಮನೆಯ ತೊಲೆಯ ಮೇಲೆ ಹೇರಿಸಿದ. ಮೊದಲ ಬಂಡಿಗೆ ತೊಲೆ ಬಗ್ಗಿತು. ಎರಡನೇ ಬಂಡಿಗೆ ಲಟಕ್ ಅಂತ ಮುರಿಯಿತು. ಮೂರು ವರ್ಷದಲ್ಲಿ ಮೊದಲ ಸಲ ಏಳುಬಾವಿಯ ಜನ ದೊರೆಯ ಎದುರು ಗಟ್ಟಿಯಾಗಿ ನಕ್ಕರಂತೆ.

ದೊರೆ ಕೂಗಿದ: "ಕೆಡವಿ ಅವಳ ಬಾಗಿಲು!"

ಸಿಪಾಯಿಗಳು ಹಾರೆ ಹಿಡಿದರು, ಮುಂದೆ ಹೆಜ್ಜೆ ಇಡಲಿಲ್ಲ. ಅವರೂ ಅದೇ ಊರಿನ ಮಕ್ಕಳು. ಬೀದಿ ಕಡೆ ಕೈ ತೋರಿಸಿದರು. ದೊರೆ ತಿರುಗಿ ನೋಡಿದ. ಕುಂಬಾರನ ಮನೆ ಮುಂದೆ ಮಣ್ಣಿನ ಗುಡ್ಡೆ. ನೇಕಾರನ ಮನೆ ಮುಂದೆ ಗುಡ್ಡೆ. ಬೀದಿಯ ಈ ತುದಿಯಿಂದ ಆ ತುದಿಗೆ ಗುಡ್ಡೆ ಮೇಲೆ ಗುಡ್ಡೆ. ಸಿಪಾಯಿಗಳ ತಾಯಂದಿರೇ ಬುಟ್ಟಿಯಲ್ಲಿ ಮಣ್ಣು ಹೊತ್ತು ಸಾಲಾಗಿ ಬರುತ್ತಿದ್ದರು.

"ಒಂದು ಕೆಡವಬಹುದು ದೊರೀ. ನಾಳೆ ಎಷ್ಟು ಕೆಡವತೀರಿ? ಇವರ ಕೈಗೆ ಬಂದದ್ದನ್ನ ಯಾವ ಕಲ್ಲಿನ ಮ್ಯಾಲೆ ಬರದು ಅಳಸತೀರಿ?" ಅಂದಳು ಹುಲಿಗೆವ್ವ.

ದೊರೆ ಆನೆ ತಿರುಗಿಸಿಕೊಂಡು ಹೋದ. ಮೂರು ದಿನ ಕೋಟೆಯಿಂದ ಹೊರಗೆ ಬರಲಿಲ್ಲ. ನಾಲ್ಕನೇ ದಿನ ಡಂಗುರ ಹೊಡೆಸಿದ: "ಬಾಗಿಲಿನ ಶಾಸನ ಇಲ್ಲ. ಅವರವರ ಬಾಗಿಲು ಅವರವರ ಎತ್ತರ." ಸೂರ್ಯ ಚಂದ್ರರಿಗಿಂತ ಮೊದಲೇ ಆ ಕಲ್ಲು ಮಣ್ಣು ಮುಕ್ಕಿತು.

ಸ್ವಲ್ಪ ದಿನ ಬಿಟ್ಟು ದೊರೆಯ ಕಡೆಯಿಂದ ಹೇಳಿಕೆ ಬಂತು. ಕಂಬವಿಲ್ಲದ ದೊಡ್ಡ ಸಭಾಮಂಟಪ ಕಟ್ಟಿಕೊಡಬೇಕು, ಕೇಳಿದ್ದು ಕೊಡ್ತೀನಿ ಅಂತ. ಹುಲಿಗೆವ್ವ ತಿರುಗಿ ಹೇಳಿ ಕಳಿಸಿದಳು: "ಕಟ್ಟತೀನಿ, ಈಗಲ್ಲ. ಮಳೆಗಾಲದಾಗ ಊರ ಹಳ್ಳ ತುಂಬಿ ಆಚಿ ದಂಡಿ ಮಂದಿ ಆಚಿಗೇ ಉಳೀತಾರ. ಮೊದಲ ಹಳ್ಳಕ್ಕ ಸೇತುವಿ. ಕಲ್ಲು ದೊರೀ ಕೊಡಲಿ, ಕೈ ನಾವು ಕೊಡತೀವಿ."

ದೊರೆ ಹಲ್ಲು ಕಡಿದ, ಕಲ್ಲು ಕೊಟ್ಟ. ಮೂರು ಕಮಾನಿನ ಸೇತುವೆ ಎದ್ದಿತು. ಅದರ ಮೇಲೆ ಮೊದಲು ದಾಟಿದ್ದು ಆನೆಯೂ ಅಲ್ಲ, ಅಂಬಾರಿಯೂ ಅಲ್ಲ, ತಲೆ ಮೇಲೆ ಎರಡು ಕೊಡ ಇಟ್ಟುಕೊಂಡ ತಿಪ್ಪವ್ವ. ಸಭಾಮಂಟಪದ ಸರದಿ ಹುಲಿಗೆವ್ವನ ಕಾಲದಲ್ಲಿ ಬರಲೇ ಇಲ್ಲವಂತೆ. ಊರಿನ ಕೆಲಸವೇ ಮುಗಿಯಲಿಲ್ಲ.

ಹಳ್ಳದ ನೀರು ಕಮಾನಿನ ಕೆಳಗೆ ಹರಿದುಹೋಯಿತು, ನಮ್ಮ ಕಥೆ ಕಮಾನಿನ ಮೇಲೆ ದಾಟಿ ನಿಮ್ಮ ಊರಿಗೆ ಬಂತು. ಹೇಳಿದವರ ಬಾಯಿ ತಂಪು, ಕೇಳಿದವರ ಬೆನ್ನು ನೆಟ್ಟಗೆ.