ಐವತ್ತು ತೋರಿಸಿ ಐದು ಕೊಟ್ಟ ಮೋಡೆಮ್

ಫೋನಿನ ತಂತಿಯಲ್ಲೇ ಇಂಟರ್ನೆಟ್ ಬರುತ್ತಿದ್ದ ಕಾಲ. ಇಳಕಲ್ಲಿನ ನೇಕಾರ ಮಹಾಂತಪ್ಪನ ಮನೆಯ ಮಗ್ಗಗಳು ಕೆಲಸವಿಲ್ಲದೆ ಖಾಲಿ ಕೂತಿದ್ದವು. ಆಗ ಸೊಲ್ಲಾಪುರದ ವ್ಯಾಪಾರಿಯೊಬ್ಬರು ಹಳೆಯ ಸೀರೆಯ ಸೆರಗಿನ ಚಿತ್ರವನ್ನು ಇ-ಮೇಲ್ ಮಾಡಿ, ಇಂಥದ್ದು ನೇಯಲು ಆಗುತ್ತದೋ ಇಲ್ಲವೋ ನೋಡಿಟ್ಟಿರಿ, ಮಧ್ಯಾಹ್ನ ಫೋನ್ ಮಾಡಿ ಕೇಳುತ್ತೇವೆ ಎಂದರು. ಹೂಂ ಎಂದರೆ ಸಾಕು, ಮಗ್ಗಗಳಿಗೆ ವರ್ಷವಿಡೀ ಕೆಲಸ.

ಗೆಳೆಯ ದಸ್ತಗೀರ ತಂದು ಜೋಡಿಸಿಕೊಟ್ಟಿದ್ದ ಮೋಡೆಮನ್ನು ಮಹಾಂತಪ್ಪ ಚಾಲೂ ಮಾಡಿದ. ಅದು ಕಿರ್ರೆಂದು ಕೂಗಿ ಸಂಪರ್ಕ ಹಿಡಿಯಿತು. ಪರದೆಯ ಮೂಲೆಯಲ್ಲಿ ವೇಗ ಐವತ್ತು ಎಂದು ಬಂತು. ಚಿತ್ರ ಇಳಿಯತೊಡಗಿದಾಗ ನೋಡಿದರೆ, ಅಲ್ಲಿ ವೇಗ ಬರೀ ಐದು. ಮಹಾಂತಪ್ಪನಿಗೆ ಮೈ ಉರಿಯಿತು.

ಕಾಲು ಗಂಟೆ ಸುಮ್ಮನಿದ್ದರೆ ಚಿತ್ರ ಪೂರ್ತಿ ಇಳಿಯುತ್ತಿತ್ತು. ಸುಮ್ಮನಿರುವ ಜಾಯಮಾನ ಅವನದಲ್ಲ. ಸಂಪರ್ಕ ಕಡಿದು ಮತ್ತೆ ಹಚ್ಚಿದ. ಮತ್ತೆ ಐವತ್ತು, ಮತ್ತೆ ಐದು. ಕಡಿದಾಗಲೆಲ್ಲ ಚಿತ್ರ ಮೊದಲಿನಿಂದ ಇಳಿಯಬೇಕು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಆದರೂ ಬಿಡಲಿಲ್ಲ, ಕಡಿಯುತ್ತ ಹಚ್ಚುತ್ತ ಮಧ್ಯಾಹ್ನ ಮಾಡಿದ.

ಮೋಡೆಮ್ ನಡೆಯುವಾಗ ಫೋನ್ ನಡೆಯದು. ಹಾಗಾಗಿ ಹೆಂಡತಿ ನೀಲವ್ವನನ್ನೇ ಅಟ್ಟಿ ದಸ್ತಗೀರನನ್ನು ಕರೆಸಿದ. ಬಂದವನಿಗೆ ಕೂರು ಎನ್ನಲಿಲ್ಲ.

"ಐವತ್ತರದು ಅಂತ ಹೇಳಿ ಐದರದು ಕೊಟ್ಟೀಯಲ್ಲೋ. ಗೆಳೆಯಾ ಅಂತ ನಂಬಿದ್ದಕ್ಕ ನನಗ ಟೊಪ್ಪಿಗಿ ಹಾಕಿದಿ."

ದಸ್ತಗೀರನಿಗೆ ನೋವಾಯಿತು. ಆದರೂ ಸಮಾಧಾನದಿಂದಲೇ ಹೇಳಿದ. ಮೂಲೆಯ ಅಂಕಿ ಬಿಟ್‌ಗಳ ಲೆಕ್ಕ, ಇಳಿಯುವ ಅಂಕಿ ಬೈಟ್‌ಗಳ ಲೆಕ್ಕ. ಎಂಟು ಬಿಟ್ ಕೂಡಿದರೆ ಒಂದು ಬೈಟ್. ದಾರಿಯಲ್ಲೂ ಒಂದಿಷ್ಟು ಸೋರುತ್ತದೆ. ಐವತ್ತಕ್ಕೆ ಐದು ಬಂದರೆ ಸರಿಯಾಗಿ ಬಂದಂತೆಯೇ.

"ನಿನ್ನ ಲಾಳಿ ದಿನಾ ಎಷ್ಟು ಓಡತೈತಿ, ಸೀರಿ ಎಷ್ಟು ಬೆಳೀತೈತಿ? ಲಾಳಿ ಓಡಿದಷ್ಟು ಸೀರಿ ಬೆಳೀಲಿಲ್ಲ ಅಂತ ಯಾರರ ನಿನಗ ಮೋಸಗಾರ ಅಂದಾರೇನು?"

ಮಹಾಂತಪ್ಪ ಮತ್ತೆ ಮೋಡೆಮ್ ಹಚ್ಚಿದ. ಈ ಸಲ ಯಾರೂ ಸಂಪರ್ಕ ಕಡಿಯಲಿಲ್ಲ. ಚಿತ್ರ ಅಂಚಿನಿಂದ ಅಂಚಿಗೆ ಇಳಿಯಿತು. ಕೆಂಪು ಸೆರಗು, ಬಿಳಿ ಗೋಪುರದ ಸಾಲು. ಅವನ ಕೈಗೆ ಅದು ನೀರು ಕುಡಿದಷ್ಟು ಸುಲಭದ ಕೆಲಸ.

ಮೋಡೆಮ್ ಆರಿಸಿದ್ದೇ ತಡ, ಫೋನ್ ಹೊಡೆದುಕೊಂಡಿತು. ಸೊಲ್ಲಾಪುರದವರೇ.

"ಎಷ್ಟು ಸಲ ಹಚ್ಚಿದ್ರೂ ನಿಮ್ಮ ಫೋನ್ ಎಂಗೇಜ್ ಬಂತ್ರಿ. ಬ್ಯಾರೆ ನೇಕಾರ್ರು ಹೂಂ ಅಂದ್ರು, ಅವರಿಗೇ ಕೊಟ್ಟೀವಿ."

ಮಹಾಂತಪ್ಪ ಫೋನ್ ಇಟ್ಟ. ದಸ್ತಗೀರನ ಮುಖ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ನೀತಿ: ಅಂಕಿ ಕಡಿಮೆ ಕಂಡಿತೆಂದು ಮೋಸ ಎನ್ನುವ ಮೊದಲು ಅದು ಯಾವ ಅಳತೆಯ ಅಂಕಿ ಎಂದು ಕೇಳಿ ತಿಳಿಯಬೇಕು. ತಿಳಿಯದೆ ಅವಸರ ಮಾಡುವವನು ತನ್ನ ದಾರಿಗೆ ತಾನೇ ಅಡ್ಡ ನಿಲ್ಲುತ್ತಾನೆ.