ಕೆಂಪು ಚುಕ್ಕೆ ಇಲ್ಲದ ಚಿತ್ರ

ನಮ್ಮ ನಗರದ ಸಮಕಾಲೀನ ಕಲಾಮೇಳದಲ್ಲಿ ಒಂದು ಕಾಲಕ್ಕೆ ಚಿತ್ರ ತೂಗುಹಾಕಲು ಮೊಳೆ ಸಾಲುತ್ತಿರಲಿಲ್ಲ. ಅಧ್ಯಕ್ಷ ಚಂದ್ರಮೌಳಿಯವರ ಗತ್ತು ತಡೆಯಲಾರದೆ ಕಲಾವಿದರು ಒಬ್ಬೊಬ್ಬರಾಗಿ ದೂರವಾದರು. ಈ ಸಲ ಗೋಡೆ ತುಂಬ ಬರೀ ಮೊಳೆ. ನಡುವೆ ಅಧ್ಯಕ್ಷರೇ ಬಿಡಿಸಿದ, ಬಾಗಿಲಗಲದ ಒಂದು ಚಿತ್ರ.

ಸಂಜೆ ಮಂತ್ರಿಗಳು ಬರುವವರಿದ್ದರು. ಅಧ್ಯಕ್ಷರು ಮೇಳದ ಜವಾನನನ್ನು ಕರೆದರು.

“ಮೇಳ ಸೋತಿದೆ ಅಂತ ಮಂತ್ರಿಗಳಿಗೆ ಅನ್ನಿಸಿದ್ರೆ ನಾಳೆಯಿಂದ ನಿನಗೆ ಕೆಲಸ ಇಲ್ಲ. ಏನಾದ್ರೂ ಮಾಡು. ನನ್ನ ಚಿತ್ರ ಮಾತ್ರ ಮುಟ್ಟಬೇಡ!”

“ಆಗಲಿ ಸಾರ್.”

ಮಾರಾಟವಾದ ಚಿತ್ರದ ಪಕ್ಕ ಕೆಂಪು ಚುಕ್ಕೆ ಅಂಟಿಸುವುದು ಮೇಳದ ಪದ್ಧತಿ. ಜವಾನ ಒಂದೊಂದು ಖಾಲಿ ಮೊಳೆಯ ಪಕ್ಕದಲ್ಲೂ ಒಂದೊಂದು ಚುಕ್ಕೆ ಅಂಟಿಸಿದ.

ಮಂತ್ರಿಗಳು ಬಂದು ಸುತ್ತ ನೋಡಿದರು.

“ಎಲ್ಲ ಮಾರಾಟವಾಗಿ, ಕೊಂಡವರು ತಗೊಂಡು ಹೋಗಿದ್ದೂ ಆಯ್ತಾ! ಭೇಷ್!”

ಅಧ್ಯಕ್ಷರು ಎದೆಯುಬ್ಬಿಸಿದರು. ಆಮೇಲೆ ಮಂತ್ರಿಗಳು ಉಳಿದಿದ್ದ ಆ ಒಂದೇ ಚಿತ್ರದ ಮುಂದೆ ನಿಂತರು. ಚುಕ್ಕೆ ಹುಡುಕಿದರು. ಸಿಗಲಿಲ್ಲ. ಸಾವಿನ ಮನೆಗೆ ಬಂದವರಂತೆ ದನಿ ತಗ್ಗಿಸಿ ಕೇಳಿದರು:

“ಪಾಪ, ಇದು ಯಾರದ್ದು?”

ಅಧ್ಯಕ್ಷರು ಜವಾನನನ್ನು ದುರುಗುಟ್ಟಿ ನೋಡಿದರು.

ಜವಾನ ಕೈಕಟ್ಟಿ ನಿಂತು ಹೇಳಿದ:

“ನೀವೇ ಮುಟ್ಟಬೇಡ ಅಂದಿದ್ರಲ್ಲ ಸಾರ್.”