ಬಾಯಿ ಮುಚ್ಚಿ ನುಡಿದ ಹಲ್ಲಿ

ಹತ್ತಿರ ಬಾರೇ, ಮೆಲ್ಲಗೆ ಹೇಳುತ್ತೇನೆ. ಗೋಡೆಗೂ ಕಿವಿಯಿದೆ, ಗೋಡೆಯ ಮೇಲೇ ಬಾಳುವ ಹಲ್ಲಿ ನಾನು, ನನಗೆ ಗೊತ್ತಿಲ್ಲವೇ? ಇದು ನಮ್ಮಿಬ್ಬರಲ್ಲೇ ಇರಲಿ.

ನನ್ನ ನೆರೆಯವಳು ಶೆಡ್ಡಿನ ಹಳೇ ಕಾರಮ್ಮ. ತಿರುವು ಬಂದರೆ ಸಾಕು, ಲೊಚ್ ಲೊಚ್ ಎನ್ನುತ್ತಿದ್ದಳು. "ಏನೇ, ನನ್ನ ಕುಲಕಸುಬನ್ನೇ ಕದ್ದೆಯಾ?" ಎಂದು ಜಗಳಕ್ಕೆ ಹೋದೆ.

"ಇಲ್ಲಜ್ಜೀ. ಮುಂದಿನ ಚಕ್ರದ ಹಿಂದೆ ಕೀಲಿನ ರಬ್ಬರ್ ಹರಿದಿದೆ. ಗ್ರೀಸ್ ಚೆಲ್ಲಿಹೋಗಿ ಮಣ್ಣು ಸೇರಿದೆ. ನೇರ ದಾರಿಯಲ್ಲಿ ಹೇಗೋ ಸಹಿಸುತ್ತೇನೆ, ತಿರುಗುವಾಗ ಆಗುವುದಿಲ್ಲ. ನಾಳೆ ಘಾಟಿಯಲ್ಲಿ ಕೀಲು ಮುರಿದರೆ, ಒಳಗೆ ಕೂತ ಯಜಮಾನರ ಬಸುರಿ ಮಗಳ ಗತಿಯೇನು?" ಎಂದಳು.

ಎಂಥ ಗಟ್ಟಿಗಿತ್ತಿ ನೋಡು! ತನ್ನ ನೋವಿನಲ್ಲೂ ಪರರ ಚಿಂತೆ. ನನಗಾಗಿದ್ದರೆ ಊರೆಲ್ಲ ಕೇಳುವಂತೆ ಬೊಬ್ಬೆ ಹೊಡೆಯುತ್ತಿದ್ದೆ.

ಇನ್ನು ಯಜಮಾನ ಈರಭದ್ರಪ್ಪನ ಬುದ್ಧಿ ಕೇಳು. ಸದ್ದಾದಾಗಲೆಲ್ಲ "ಹಲ್ಲಿ ನುಡೀತು, ಪ್ರಯಾಣ ಶುಭ" ಎಂದು ಕೈಮುಗಿಯುತ್ತಿದ್ದ!

ಬೆಳಗ್ಗೆ ಅವನು ಅಂಗಳದಲ್ಲಿ ಕಾರು ತಿರುಗಿಸುವಾಗ ನಾನು ಮುಂದಿನ ಗಾಜಿನ ಮೇಲೆ, ಅವನ ಮೂಗಿನೆದುರೇ ಕೂತು ಬಾಯಿ ಬಿಗಿದೆ. ಲೊಚ್ ಲೊಚ್!

"ಅರೆ, ಹಲ್ಲಿ ಬಾಯೇ ಬಿಡಲಿಲ್ಲ. ಮತ್ತೆ ನುಡಿದದ್ದು ಯಾರು?" ಬೆಚ್ಚಿ ಬ್ರೇಕ್ ಹಾಕಿದವನು ಮೆಕ್ಯಾನಿಕನನ್ನು ಕರೆಸಿದ. ಆತ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಮೆಲ್ಲಗೆ ಸುತ್ತು ಹೊಡೆದು ಕೇಳಿ, ಸವೆದ ಕೀಲು ಬದಲಿಸಿದ. ಮಗಳು ಸುಖವಾಗಿ ಘಾಟಿ ಇಳಿದಳು.

ಮರಳಿ ಬಂದ ಕಾರಮ್ಮನನ್ನು ಹೊಗಳಲು ಹೋದರೆ, ಅವಳು ಮುಖಕ್ಕೇ ಅಂದಳು:

"ಅಜ್ಜೀ, ಜನ್ಮವಿಡೀ ಲೊಚಗುಟ್ಟಿದ್ದೀಯ. ನಿಜವಾದದ್ದು ನೀನು ಬಾಯಿ ಮುಚ್ಚಿಕೊಂಡು ನುಡಿದದ್ದೊಂದೇ."